ಎಡಗಡೆಯ ದಾರಿ

ಹೆಸರು ಹೇಳುವುದಿಲ್ಲ.
ಬನ್ನಿ, ಕೂತುಕೊಳ್ಳಿ, ಚಪ್ಪಲಿ ಹೊರಗೇ ಇರಲಿ,
ಹೆರ್ಮಿನಿಯಕ್ಕ ಈಗಷ್ಟೇ ನೆಲ ಒರೆಸಿ
ಫ್ಯಾನಿಗೆ ಮುಖ ಕೊಟ್ಟು ಮಲಗಿದ್ದಾಳೆ.
ಒಂದು ಪೀಸೊ ಹಾಕಿದರೆ ಐದು ನಿಮಿಷ ಆಟ.
ಈ ಮಾತಿಗೆ ನಾಣ್ಯ ಬೇಕಿಲ್ಲ,
ಪರದೆಗಳು ಕಪ್ಪಾಗಿಯೇ ಇರಲಿ.

ಶನಿವಾರ ಸೋತೆವು. ಸೋಲು ಹೊಸದೇನಲ್ಲ.
ಹೋದ ವರ್ಷ ಬಿರುಗಾಳಿಗೆ ಕರೆಂಟು ಹೋಗಿ ಸೋತೆವು,
ಅದರ ಹಿಂದಿನ ವರ್ಷ ನನ್ನ ಸಿಟ್ಟಿಗೆ ಸೋತೆವು.
ಆ ಸೋಲುಗಳನ್ನು ಹಂಚಿಕೊಂಡು ತಿಂದಿದ್ದೇವೆ,
ಇಲೊಯ್ಲೊ ಪೇಟೆಯ ಮೂಲೆಯಲ್ಲಿ
ಒಂದೇ ಬಟ್ಟಲು ಬಾಚೊಯ್, ಐದು ಚಮಚ.
ಇದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.

ನಾಲ್ಕನೇ ನಿಮಿಷಕ್ಕೆ
ಮೋಲೊ ಕಡೆಯ ಹುಡುಗರು, ಐವರೂ,
ಎಡಗಡೆಯ ಪೊದೆಯಲ್ಲಿ ನಿಂತಿದ್ದರು.
ಹುಡುಕಿಕೊಂಡು ಬಂದವರಂತಲ್ಲ,
ಬಸ್ಸಿಗೆ ಕಾಯುವವರಂತೆ.
ಆ ದಾರಿಯನ್ನು ನಾವು ಬರೆದದ್ದು ಒಂದೇ ಸಲ,
ಐಸ್ ಫ್ಯಾಕ್ಟರಿಯ ರಸೀದಿಯ ಬೆನ್ನಿಗೆ, ಪೆನ್ಸಿಲಿನಲ್ಲಿ.
ರಸೀದಿ ನನ್ನ ಪರ್ಸಿನಲ್ಲೇ ಇದೆ.
ಅದರ ಫೋಟೊ ಮಾತ್ರ ನದಿ ದಾಟಿದೆ.

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ.
ಈ ಅಂಗಡಿಯ ಗೋಡೆ ಬರೀ ತಗಡು,
ಅದಕ್ಕೆ ತುಕ್ಕಿದೆ, ಕಿವಿಯಿಲ್ಲ.

ಶುಕ್ರವಾರ ಯಾರ ಫೋನಿಗೆ
ಐವತ್ತು ಪೀಸೊ ಕರೆನ್ಸಿ ಬಿತ್ತು, ಕೇಳುವುದಿಲ್ಲ.
ಆಟದೊಳಗೆ ಯಾರ ಹೆಗಲ ಮೇಲೆ
ಹೊಸ ಬಂಗಾರದ ನಿಲುವಂಗಿ ಹೊಳೆಯುತ್ತಿದೆ,
ಅದು ಕಾಣುತ್ತದೆ. ಕಾಣದವಳಂತಿದ್ದೇನೆ.
ಒಂದನ್ನು ಕೇಳುತ್ತೇನೆ, ಅಷ್ಟೇ:
ಆ ರಸೀದಿಯ ಮೇಲೆ ಇದ್ದದ್ದು ಏನೆಂದು
ನಿನಗೆ ತಿಳಿದಿತ್ತೇ?

ಒಂದು ಬಾಣ, ಮೂರು ಸೊನ್ನೆ, ಅಡ್ಡಗೆರೆ.
ನಕ್ಷೆ ಅಂದುಕೊಂಡೆ.
ಅಲ್ಲ, ಅದು ಜುನ್ರೇಯ ಬಲಗೈ.
ಮೀನುಬುಟ್ಟಿಗಳಿಗೆ ಐಸು ಒಡೆದೂ ಒಡೆದೂ
ಎರಡು ಬೆರಳು ಜೋಮು ಹಿಡಿದು ಹಾಗೇ ಉಳಿದ ಕೈ.
ಅದು ಒತ್ತುವಾಗ ಅರೆಕ್ಷಣ ತಡ.
ಅವನ ಅಮ್ಮನಿಗೂ ಹೇಳಿಲ್ಲ, ನಮಗೆ ಹೇಳಿದ.
ಅದಕ್ಕೇ ಎಡಗಡೆಯ ದಾರಿ. ಸುತ್ತು ಹೌದು,
ಆದರೆ ಆ ಅರೆಕ್ಷಣ ಅಲ್ಲಿ ಸಿಗುತ್ತದೆ.
ಅದಕ್ಕೇ ಮುಂದೆ ರೋಸೆಲಿನ್, ಪಕ್ಕಕ್ಕೆ ಅರ್ನಿಯೆಲ್,
ಬೆನ್ನಿಗೆ ವೆಲ್ಮಾರ್, ನಾನು.

ರಣತಂತ್ರ ಅನ್ನುವುದು ದೊಡ್ಡ ಮಾತು.
ಒಬ್ಬನ ಕುಂದಿಗೆ ನಾಲ್ವರು ಮರೆಯಾಗಿ ನಿಲ್ಲುವುದು,
ಬೀದಿ ನಲ್ಲಿಯಲ್ಲಿ ಮೀಯುವ ತಂಗಿಗೆ
ಅಕ್ಕಂದಿರು ಚಾದರ ಹಿಡಿದು ನಿಂತ ಹಾಗೆ.
ನೀನು ಒಂದು ತುದಿ ಬಿಟ್ಟೆ.

ಆಟ ಮುಗಿದ ಮೇಲೆ ಜುನ್ರೇ ಏನಂದ, ನೆನಪಿದೆಯಾ?
"ನನ್ನಿಂದಲೇ ಹೋಯಿತು," ಅಂದ.
ಕೈಯನ್ನು ಅಂಗಿಯೊಳಗೆ ತುರುಕಿಕೊಂಡು
ಜೀಪ್ನಿ ಹತ್ತಿದ, ಎಡಗೈಯಲ್ಲೇ ಚಿಲ್ಲರೆ ಎಣಿಸಿದ.
ಮೋಲೊವರೆಗೆ ಓಡಿದ ಹೆಬ್ಬೆರಳು
ಆಗ ಯಾಕೆ ಮಿಸುಕಲಿಲ್ಲ?

ನಾನು ಸಾಚಾ ಅಂತಲ್ಲ.
ಹದಿನೈದರಲ್ಲಿ ಹಳೆಯ ತಂಡದ ಗುಟ್ಟನ್ನು
ಎದುರಾಳಿ ಹುಡುಗನ ಒಂದು ನಗುವಿಗೆ ಕೊಟ್ಟೆ.
ಇವರು ಗುಂಪಿನಿಂದ ತೆಗೆದರು, ಸರಿ.
ಗೆದ್ದವರ ಬಾಗಿಲಿಗೆ ಹೋದೆ. ಆ ನಗುವೇ ಹೇಳಿತು:
"ಅವರನ್ನು ಮಾರಿದವಳು ನಮಗೆಷ್ಟು ದಿನ?"
ಎರಡು ವರ್ಷ ಈ ಮೂಲೆಯ ಯಂತ್ರದಲ್ಲಿ
ಒಬ್ಬಳೇ ಆಡಿದೆ. ಐದು ಜನರ ಆಟ.

ಮೂವರಿಗೂ ಬೇರೆ ಬೇರೆ ಸುಳ್ಳು ಹೇಳಿ
ಯಾವುದು ನದಿ ದಾಟುತ್ತದೆ ಅಂತ ನೋಡಬಹುದಿತ್ತು.
ನಿಮ್ಮಲ್ಲೇ ಒಬ್ಬರು ಹೇಳಿಕೊಟ್ಟ ಉಪಾಯ.
ಬೇಡ ಅಂದೆ. ಸುಳ್ಳಿನ ನಕ್ಷೆ ಹಿಡಿದು
ಒಟ್ಟಿಗೆ ಓಡಲಾಗುವುದಿಲ್ಲ.

ಇಗೋ, ಇನ್ನೊಂದು ರಸೀದಿ. ಪೆನ್ಸಿಲು ಮೊಂಡಾಗಿದೆ.
ಹತ್ತಕ್ಕೆ ಜುನ್ರೇಯ ಪಾಳಿ ಮುಗಿಯುತ್ತದೆ,
ಬರುವಾಗ ಬೆರಳು ಮಂಜಾಗಿರುತ್ತವೆ.
ಅವನ ಯಂತ್ರಕ್ಕೆ ಯಾರಾದರೂ
ಮೊದಲೇ ಒಂದು ನಾಣ್ಯ ಹಾಕಿಡಿ.
ನಾನು ಬೀದಿಯ ಕಡೆ ತಿರುಗಿ ನಿಲ್ಲುತ್ತೇನೆ,
ಯಾರು ಅಂತ ನೋಡುವುದಿಲ್ಲ.